ಮೀನುಕೊಳಕ್ಕೆ ಪ್ರೆಷರ್ ಫಿಲ್ಟರ್, ಯುವಿ ದೀಪ ಮತ್ತು ಗಾಳಿ ಪಂಪ್: ಹಲವು ವರ್ಷಗಳ ಬಳಕೆಯ ನಂತರ

ಒಳಗೇ ಯುವಿ (ಅತಿನೇರಳೆ ಕಿರಣದ) ದೀಪವಿರುವ, ಡ್ರಮ್ಮಿನ ಆಕಾರದ ಮುಚ್ಚಿದ ಪ್ರೆಷರ್ ಫಿಲ್ಟರ್, ಅದಕ್ಕೆ ನೀರು ತಳ್ಳುವ ಸಬ್‌ಮರ್ಸಿಬಲ್ ಪಂಪ್ ಮತ್ತು ಇವೆರಡಕ್ಕೂ ಸಂಬಂಧವಿಲ್ಲದೆ ಪ್ರತ್ಯೇಕವಾಗಿ ನಡೆಯುವ ಒಂದು ಗಾಳಿ ಪಂಪ್, ಈ ಮೂರನ್ನು ನಾನು ಹಲವು ವರ್ಷಗಳಿಂದ ಮನೆಯ ತೋಟದ ಮೀನುಕೊಳದಲ್ಲಿ ಹಗಲಿರುಳು ಬಳಸುತ್ತಿದ್ದೇನೆ. ಕೊಳವು ಸುಮಾರು ಮೂರು ಮೀಟರ್ ಉದ್ದ, ಎರಡು ಮೀಟರ್ ಅಗಲ ಮತ್ತು ಸರಾಸರಿ 80 ಸೆಂಟಿಮೀಟರ್ ಆಳವಿದ್ದು, 4,800 ಲೀಟರ್ ನೀರು ಹಿಡಿಯುತ್ತದೆ. ಅದರಲ್ಲಿ ಗೋಲ್ಡ್‌ಫಿಶ್‌ಗಳೂ ಒಂದಿಷ್ಟು ನೈದಿಲೆಯೂ ಇವೆ. ಇಂಥ ಉಪಕರಣಗಳನ್ನು ಕೊಳ್ಳುವವರು ಸಾಮಾನ್ಯವಾಗಿ ನೀರು ತಿಳಿಯಾಗುತ್ತದೆಯೇ ಎಂದಷ್ಟೇ ಕೇಳುತ್ತಾರೆ. ಆದರೆ ತಳದ ಕಲ್ಲು ಕಾಣುವಷ್ಟು ತಿಳಿಯಾದ ನೀರಿನಲ್ಲಿಯೂ ಅಮೋನಿಯಾ ಮೀನುಗಳನ್ನು ಕೊಲ್ಲಬಲ್ಲದು, ತುಸು ಹಸಿರಾಗಿರುವ ನೀರಿನಲ್ಲಿಯೂ ಮೀನುಗಳು ಸುಖವಾಗಿರಬಲ್ಲವು. ಆದ್ದರಿಂದ ನೀರನ್ನು ತಿಳಿಯಾಗಿಸುವುದು, ಮೀನುಗಳಿಗೆ ಸುರಕ್ಷಿತವಾಗಿಸುವುದು, ಈ ಎರಡರಲ್ಲಿ ಪ್ರತಿಯೊಂದು ಉಪಕರಣವೂ ಯಾವ ಕೆಲಸ ಮಾಡುತ್ತದೆ ಎಂಬುದನ್ನು ಬೇರೆಬೇರೆಯಾಗಿ ನೋಡಿದ್ದೇನೆ.

ಮೊದಲಿಗೆ ಫಿಲ್ಟರಿನ ಸಾಮರ್ಥ್ಯದ ವಿಷಯ. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಮುದ್ರಿಸುವ ಲೀಟರ್ ಸಂಖ್ಯೆ ಬಹುತೇಕ ಮೀನುಗಳೇ ಇಲ್ಲದ ಕೊಳಕ್ಕೆ ಅನ್ವಯಿಸುವಂಥದ್ದು. ಹಲವು ತಯಾರಕರು ಕೈಪಿಡಿಯಲ್ಲಿ ಮೀನುಗಳಿರುವ ಕೊಳಕ್ಕೆ ಅದರ ಅರ್ಧದಷ್ಟನ್ನೂ ಕೋಯಿ (ದೊಡ್ಡದಾಗಿ ಬೆಳೆಯುವ ಅಲಂಕಾರಿಕ ಕಾರ್ಪ್) ಮೀನುಗಳ ಕೊಳಕ್ಕೆ ಕಾಲು ಭಾಗದಷ್ಟನ್ನೂ ಸೂಚಿಸುತ್ತಾರೆ, ಮತ್ತು ಈ ಸಣ್ಣಕ್ಷರದ ಸಂಖ್ಯೆಯೇ ನಂಬಲು ಯೋಗ್ಯವಾದದ್ದು. ನನ್ನ ಕೊಳಕ್ಕೆ 10,000 ಲೀಟರ್ ಎಂದು ನಮೂದಿಸಿದ ಫಿಲ್ಟರನ್ನು ಆರಿಸಿಕೊಂಡೆ. ಅದು ಅನಗತ್ಯವಾಗಿ ದೊಡ್ಡದೆಂದು ಈವರೆಗೆ ಒಮ್ಮೆಯೂ ಅನ್ನಿಸಿಲ್ಲ.

ಫಿಲ್ಟರಿನ ನಿಜವಾದ ಕೆಲಸ ನಡೆಯುವುದು ಕಸ ಹಿಡಿಯುವ ಮೇಲ್ಪದರದಲ್ಲಲ್ಲ, ಸ್ಪಂಜು ಮತ್ತು ಪ್ಲಾಸ್ಟಿಕ್ ಚೆಂಡುಗಳ ಮೇಲ್ಮೈಯಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳಲ್ಲಿ. ಮೀನುಗಳು ಮುಖ್ಯವಾಗಿ ಕಿವಿರುಗಳ ಮೂಲಕ ಹೊರಬಿಡುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ಆ ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತದೆ. ಹೊಸ ಫಿಲ್ಟರಿನಲ್ಲಿ ಈ ಜೀವಿಗಳು ಸಾಕಷ್ಟು ಸಂಖ್ಯೆಯಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಎಂಟು ವಾರಗಳು ಬೇಕಾಗುತ್ತವೆ. ನೀರು ತಣ್ಣಗಿದ್ದರೆ ಇನ್ನೂ ಹೆಚ್ಚು. ಆ ಅವಧಿಯಲ್ಲಿ ಮೀನುಗಳನ್ನು ಕೆಲವೇ ಸಂಖ್ಯೆಯಲ್ಲಿ ಬಿಟ್ಟು, ಆಹಾರವನ್ನು ಕಡಿಮೆ ಮಾಡಿ, ನೀರನ್ನು ಪರೀಕ್ಷಿಸುತ್ತಾ ಇರುವುದಲ್ಲದೆ ಬೇರೆ ದಾರಿಯಿಲ್ಲ. ಫಿಲ್ಟರ್ ಕೊಳ್ಳುವಾಗ ದ್ರವರೂಪದ ಟೆಸ್ಟ್ ಕಿಟ್ ಒಂದನ್ನೂ ಕೊಂಡುಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಅಮೋನಿಯಾ, ನೈಟ್ರೈಟ್, ಪಿಹೆಚ್ (ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬ ಅಳತೆ) ಮತ್ತು ಕಾರ್ಬೊನೇಟ್ ಗಡಸುತನ (ಪಿಹೆಚ್ ಏರುಪೇರಾಗದಂತೆ ತಡೆಯುವ ಕಾರ್ಬೊನೇಟುಗಳ ಪ್ರಮಾಣ) ಈ ನಾಲ್ಕನ್ನೂ ಅದು ಅಳೆಯಬೇಕು. ಒಂದೇ ಪ್ರಮಾಣದ ಅಮೋನಿಯಾ ಇದ್ದರೂ ಅದರಲ್ಲಿ ವಿಷಕಾರಿ ರೂಪದ ಪಾಲು 25 ಡಿಗ್ರಿ ಉಷ್ಣತೆಯಲ್ಲಿ, ಪಿಹೆಚ್ 7 ಇದ್ದಾಗ ಶೇ. 1ಕ್ಕಿಂತ ಕಡಿಮೆ, ಪಿಹೆಚ್ 8ಕ್ಕೆ ಏರಿದಾಗ ಸುಮಾರು ಶೇ. 5. ಹಸಿರು ಪಾಚಿ ತುಂಬಿದ ಕೊಳದಲ್ಲಿ ಬಿಸಿಲೇರಿದಂತೆ ಪಿಹೆಚ್ ತಾನಾಗಿಯೇ ಏರುತ್ತದೆ. ಬೆಳಗ್ಗೆ ಮಾತ್ರ ಪರೀಕ್ಷೆ ಮಾಡುವವರಿಗೆ ಈ ಏರಿಕೆ ಕಾಣುವುದೇ ಇಲ್ಲ.

ಯುವಿ ದೀಪದ ಬಗ್ಗೆ ಜನರಿಗಿರುವ ನಿರೀಕ್ಷೆ ಅದರ ಯೋಗ್ಯತೆಗಿಂತ ಹೆಚ್ಚು ಎಂಬುದು ನನ್ನ ಅಭಿಪ್ರಾಯ. ಅದು ಮಾಡುವ ಒಂದು ಕೆಲಸವನ್ನು ಮಾತ್ರ ಬಹಳ ಚೆನ್ನಾಗಿ ಮಾಡುತ್ತದೆ. ಸುಮಾರು 254 ನ್ಯಾನೊಮೀಟರ್ ತರಂಗಾಂತರದ ಆ ಕಿರಣಗಳು ನೀರಿನಲ್ಲಿ ತೇಲುವ ಏಕಕೋಶ ಪಾಚಿಯನ್ನು ಘಾಸಿಗೊಳಿಸುತ್ತವೆ. ಸತ್ತ ಪಾಚಿ ಒಂದಕ್ಕೊಂದು ಅಂಟಿ ಮುದ್ದೆಯಾಗುವುದರಿಂದ ಫಿಲ್ಟರಿಗೆ ಸಿಕ್ಕಿಬೀಳುತ್ತದೆ. ನನ್ನ ಕೊಳದಲ್ಲಿ ಹಸಿರು ನೀರು ಕೆಲವೇ ವಾರಗಳಲ್ಲಿ ತಿಳಿಯಾಯಿತು, ದೀಪ ಸರಿಯಾಗಿದ್ದಷ್ಟು ಕಾಲ ಮತ್ತೆ ಹಸಿರಾಗಲಿಲ್ಲ. ಆದರೆ ಕಲ್ಲಿಗೂ ಅಂಚಿಗೂ ಅಂಟಿ ಬೆಳೆಯುವ ಉದ್ದನೆಯ ಎಳೆಪಾಚಿ ದೀಪದ ಮುಂದೆ ಹಾದುಹೋಗುವುದೇ ಇಲ್ಲವಾದ್ದರಿಂದ ಅದರ ಮೇಲೆ ಯಾವ ಪರಿಣಾಮವೂ ಆಗುವುದಿಲ್ಲ. ನೀರು ತಿಳಿಯಾಗಿ ಬಿಸಿಲು ತಳದವರೆಗೆ ಇಳಿದ ಮೇಲೆ ನನ್ನಲ್ಲಿ ಅದು ಮೊದಲಿಗಿಂತ ಹೆಚ್ಚಾಗಿ ಬೆಳೆಯಿತು. ಅದನ್ನು ಕೈಯಿಂದಲೇ ಕಿತ್ತು ತೆಗೆಯಬೇಕು, ಕೊಳದ ಮೇಲ್ಮೈಯ ಅರ್ಧದಷ್ಟಾದರೂ ನೈದಿಲೆಯ ಎಲೆಗಳ ನೆರಳಿನಲ್ಲಿರುವಂತೆ ನೋಡಿಕೊಳ್ಳಬೇಕು. ಪಾಚಿನಾಶಕ ರಾಸಾಯನಿಕವನ್ನು ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಒಮ್ಮೆಗೇ ಸತ್ತ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರಿಕೊಳ್ಳುವುದರಿಂದ ಮೀನುಗಳ ಪ್ರಾಣಕ್ಕೇ ಕುತ್ತು ಬರುತ್ತದೆ.

ಈ ದೀಪಗಳ ಆಯುಸ್ಸು ಸಾಮಾನ್ಯವಾಗಿ 8,000ದಿಂದ 9,000 ಗಂಟೆ. ವರ್ಷಕ್ಕೆ 8,760 ಗಂಟೆಗಳಿರುವುದರಿಂದ, ಬಿಡುವಿಲ್ಲದೆ ಉರಿಸಿದರೆ ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ. ಅವಧಿ ಮುಗಿದ ದೀಪವೂ ನೀಲಿಯಾಗಿ ಬೆಳಗುತ್ತಲೇ ಇರುತ್ತದೆ, ಆದರೆ ಪಾಚಿಯನ್ನು ಕೊಲ್ಲುವ ಕಿರಣ ಕ್ಷೀಣಿಸಿರುತ್ತದೆ. ದೀಪವನ್ನು ಆವರಿಸಿರುವ ಗಾಜಿನ ಕೊಳವೆಯ ಮೇಲೆ ಗಡಸು ನೀರಿನ ಸುಣ್ಣದ ಪದರ ಕಟ್ಟಿದರೂ ಇದೇ ಪರಿಣಾಮ. ಅದನ್ನು ವಿನಿಗರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ವಿದ್ಯುತ್ ಸಂಪರ್ಕ ತಪ್ಪಿಸದೆ ಮುಚ್ಚಳ ತೆಗೆಯಲೇಬಾರದು. ಆ ಕಿರಣ ಕಣ್ಣಿಗೂ ಚರ್ಮಕ್ಕೂ ಹಾನಿಕರ.

ಪಂಪ್ ಆರಿಸುವಾಗ ಕೊಳದ ಪೂರ್ತಿ ನೀರು ಎರಡು ಗಂಟೆಗೊಮ್ಮೆಯಾದರೂ ಫಿಲ್ಟರಿನ ಮೂಲಕ ಹಾದುಹೋಗಬೇಕೆಂಬ ಲೆಕ್ಕವನ್ನು ಇಟ್ಟುಕೊಂಡೆ. ಪೆಟ್ಟಿಗೆಯ ಮೇಲಿನ ಪ್ರಮಾಣ ನೀರನ್ನು ಸ್ವಲ್ಪವೂ ಮೇಲೆತ್ತದಿದ್ದಾಗ ಸಿಗುವಂಥದ್ದು. ಎತ್ತರ ಹೆಚ್ಚಿದಂತೆ, ಪೈಪು ಕಿರಿದಾದಂತೆ, ಫಿಲ್ಟರಿನಲ್ಲಿ ಗಸಿ ತುಂಬಿದಂತೆ ಅದು ಇಳಿಯುತ್ತದೆ. ಕಾರಂಜಿಗೆಂದು ಮಾಡಿದ ಪಂಪುಗಳ ಸಣ್ಣ ರಂಧ್ರಗಳ ಸ್ಪಂಜು ಬೇಗ ಕಟ್ಟಿಕೊಳ್ಳುತ್ತದೆ. ಫಿಲ್ಟರಿಗೆ ಬೇಕಾದದ್ದು ಕೆಲವು ಮಿಲಿಮೀಟರ್ ಗಾತ್ರದ ಕಸವನ್ನು ಒಳಗೆಳೆದುಕೊಂಡು ತಳ್ಳಬಲ್ಲ ಪಂಪ್. ಇದು ಎಂದೂ ನಿಲ್ಲದ ಯಂತ್ರವಾದ್ದರಿಂದ ವಾಟ್ ಸಂಖ್ಯೆಯನ್ನೂ ಗಮನಿಸಬೇಕು: 60 ವಾಟಿನ ಪಂಪ್ ದಿನಕ್ಕೆ 1.44 ಯೂನಿಟ್, ವರ್ಷಕ್ಕೆ 525 ಯೂನಿಟ್‌ಗಿಂತ ತುಸು ಹೆಚ್ಚು ವಿದ್ಯುತ್ ಬಳಸುತ್ತದೆ. ಸಂಪರ್ಕಕ್ಕೆ 30 ಮಿಲಿಆಂಪಿಯರಿನ ಸೋರಿಕೆ ರಕ್ಷಣಾ ಸ್ವಿಚ್ ಇರಲೇಬೇಕು.

ಮೂರರಲ್ಲಿ ಯಾವುದಾದರೂ ಒಂದನ್ನೇ ಉಳಿಸಿಕೊಳ್ಳಬೇಕಾಗಿ ಬಂದರೆ ನಾನು ಉಳಿಸಿಕೊಳ್ಳುವುದು ಗಾಳಿ ಪಂಪನ್ನು. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯುವ ನೀರು 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆಯಷ್ಟೇ. ಉಷ್ಣತೆ ಏರಿದಾಗಲೇ ಮೀನುಗಳಿಗೆ ಹೆಚ್ಚು ಉಸಿರು ಬೇಕಾಗುತ್ತದೆ, ರಾತ್ರಿಯ ವೇಳೆ ಗಿಡಗಳೂ ಪಾಚಿಯೂ ಅದೇ ಆಮ್ಲಜನಕವನ್ನು ಬಳಸುತ್ತವೆ, ಫಿಲ್ಟರಿನ ಬ್ಯಾಕ್ಟೀರಿಯಾಗಳಂತೂ ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ಸಂಸ್ಕರಿಸಲು ನಾಲ್ಕೂವರೆ ಗ್ರಾಂಗಿಂತ ಹೆಚ್ಚು ಬಳಸುತ್ತವೆ. ಹೀಗಾಗಿ ಕೊಳಕ್ಕೆ ಅತ್ಯಂತ ಕಷ್ಟದ ಹೊತ್ತು ನಸುಕಿನ ಜಾವ. ಆ ಹೊತ್ತಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ತಡಮಾಡದೆ ಗಾಳಿ ಹೆಚ್ಚಿಸಬೇಕು. ಗಾಳಿ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡುವುದು ಒಳ್ಳೆಯದು. ಆಗದಿದ್ದರೆ ಕೊಳವೆಗೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್ ಹಾಕಬೇಕು.

ಇನ್ನು ದೂರುಗಳು. ಹಿಡಿಕೆ ಒತ್ತಿದರೆ ಸಾಕು, ಮುಚ್ಚಳ ತೆಗೆಯದೆಯೇ ಫಿಲ್ಟರ್ ಸ್ವಚ್ಛವಾಗುತ್ತದೆ ಎಂಬ ತಯಾರಕರ ಮಾತು ಅರ್ಧ ಸತ್ಯ. ಹಿಡಿಕೆಯಿಂದ ಮೇಲುಮೇಲಿನ ಗಸಿ ಹೋಗುತ್ತದೆ, ಸ್ಪಂಜಿನ ಒಳಗೆ ಗಟ್ಟಿಯಾಗಿ ಕುಳಿತದ್ದು ಹೋಗುವುದಿಲ್ಲ. ಕೆಲವು ತಿಂಗಳಿಗೊಮ್ಮೆ ಡ್ರಮ್ಮನ್ನು ಬಿಚ್ಚಿ ಸ್ಪಂಜುಗಳನ್ನು ಕೊಳದ ನೀರಿನಲ್ಲಿಯೇ ಹಿಂಡಬೇಕು. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೊಳೆದರೆ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಬಿಸಿಲಿಗೆ ಮುಚ್ಚಳದ ಪ್ಲಾಸ್ಟಿಕ್ ಕ್ಲಿಪ್ಪುಗಳು ಪೆಡಸಾಗಿ ಒಂದು ಮುರಿಯಿತು. ರಬ್ಬರ್ ವಾಷರ್ ಸಡಿಲವಾಗಿ ನೀರು ಜಿನುಗಿದ್ದೂ ಉಂಟು. ಇದಕ್ಕಿಂತ ಗಂಭೀರವಾದದ್ದು ವಿದ್ಯುತ್ ಹಲವು ಗಂಟೆ ಹೋದಾಗಿನ ಪರಿಸ್ಥಿತಿ. ಮುಚ್ಚಿದ ಡ್ರಮ್ಮಿನಲ್ಲಿ ನಿಂತ ನೀರಿನ ಆಮ್ಲಜನಕ ಮುಗಿದು ಒಳಗಿನ ಜೀವಿಗಳು ಸಾಯತೊಡಗುತ್ತವೆ. ಪಂಪನ್ನು ಮತ್ತೆ ಚಾಲೂ ಮಾಡುವ ಮುನ್ನ ಆ ದುರ್ನಾತದ ನೀರನ್ನು ಹೊರಗೆ ಚೆಲ್ಲಲೇಬೇಕು, ಇಲ್ಲದಿದ್ದರೆ ಅದು ನೇರವಾಗಿ ಕೊಳಕ್ಕೆ ಸೇರುತ್ತದೆ. ಈ ಎಚ್ಚರಿಕೆ ನನಗೆ ದೊರೆತ ಕೈಪಿಡಿಯಲ್ಲಿ ಇರಲಿಲ್ಲ.

ಗೋಲ್ಡ್‌ಫಿಶ್ ಸಾಕುವ, ಹತ್ತು ಸಾವಿರ ಲೀಟರಿಗಿಂತ ಕಡಿಮೆ ನೀರಿನ, ಉಪಕರಣವನ್ನು ಮಣ್ಣಿನಲ್ಲಿ ಅರ್ಧ ಹೂತು ಮರೆಮಾಡಿ ಅಲ್ಲಿಂದಲೇ ನೀರನ್ನು ಜಲಪಾತದ ಎತ್ತರಕ್ಕೆ ಏರಿಸಬೇಕೆನ್ನುವ ಕೊಳಗಳಿಗೆ ಈ ಬಗೆಯ ಫಿಲ್ಟರ್ ಸೂಕ್ತ. ದೊಡ್ಡ ಕೋಯಿ ಮೀನುಗಳನ್ನು ಸಾಕುವವರು ಇದನ್ನು ಕೊಳ್ಳದಿರುವುದೇ ಮೇಲು. ಅವುಗಳ ಕಲ್ಮಶದ ಪ್ರಮಾಣಕ್ಕೆ ತಳದಿಂದಲೇ ನೀರು ಹರಿದು ಹೊರಬರುವ ವ್ಯವಸ್ಥೆಯೂ, ಗಸಿಯನ್ನು ಮೊದಲೇ ಬೇರ್ಪಡಿಸುವ ತೊಟ್ಟಿಯೂ, ತೆರೆದ ದೊಡ್ಡ ಜೈವಿಕ ಫಿಲ್ಟರೂ ಬೇಕಾಗುತ್ತವೆ.