ಕೋಡಿಂಗ್‌ಗೆ ಮರಳಲು ವಿಡಿಯೋ ಪಾಠವೋ, ಪೈಥಾನ್‌ನದೇ ಟ್ಯುಟೋರಿಯಲ್ಲೋ?

ಎಂಟು ವರ್ಷದ ಮೇಲೆ ಮತ್ತೆ ಕೋಡ್ ಬರೆಯಲು ಕೂತಿದ್ದೇನೆ. ಸಾಫ್ಟ್‌ವೇರ್ ಡೆವಲಪ್‌ಮೆಂಟ್ ಕೋರ್ಸ್‌ಗೆ ಸೇರಿ ಇದು ಮೂರನೇ ವಾರ. ಮರೆತದ್ದನ್ನು ನೆನಪು ಮಾಡಿಕೊಳ್ಳಲು ಮೊದಲು ದುಡ್ಡು ಕೊಟ್ಟು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ವಿಡಿಯೋ ಪಾಠ ಕೊಂಡೆ. ಆಮೇಲೆ ಪೈಥಾನ್‌ನವರೇ ಉಚಿತವಾಗಿ ಕೊಡುವ ಟ್ಯುಟೋರಿಯಲ್ ಓದಿದೆ. ಇದನ್ನೇ ಮೊದಲು ಓದಿದ್ದರೆ ದುಡ್ಡೂ ಉಳಿಯುತ್ತಿತ್ತು, ಎರಡು ಸಂಜೆಯೂ ಉಳಿಯುತ್ತಿತ್ತು.

ವಿಡಿಯೋದವರು ಚೆನ್ನಾಗಿಯೇ ಹೇಳಿಕೊಡುತ್ತಾರೆ. ಆದರೆ ಅದು ಪೈಥಾನ್ 2ರ ಕಾಲದ್ದು. ಆ ಆವೃತ್ತಿಗೆ ಬೆಂಬಲ 2020ರ ಜನವರಿ 1ಕ್ಕೇ ನಿಂತಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇರುವುದು ಪೈಥಾನ್ 3. ಪ್ರಿಂಟ್‌ಗೆ (ಪರದೆಯ ಮೇಲೆ ತೋರಿಸುವ ಆಜ್ಞೆಗೆ) ಬ್ರ್ಯಾಕೆಟ್ ಬೇಕು ಅಂತ ಎರರ್ ಮೆಸೇಜೇ ಹೇಳಿತು, ಸರಿ ಮಾಡಿಕೊಂಡೆ.

ಸಿಕ್ಕಿಬಿದ್ದದ್ದು ಬೈನರಿ ಸರ್ಚ್‌ನಲ್ಲಿ, ಅಂದರೆ ಕ್ರಮವಾಗಿ ಜೋಡಿಸಿದ ಲಿಸ್ಟನ್ನು ಅರ್ಧರ್ಧ ಮಾಡುತ್ತಾ ಹುಡುಕುವ ವಿಧಾನದಲ್ಲಿ. ಲಿಸ್ಟಿನ ಮಧ್ಯದ ಜಾಗ ಹುಡುಕಲು ಎರಡು ತುದಿಯ ಇಂಡೆಕ್ಸ್ (ಸ್ಥಾನದ ಸಂಖ್ಯೆ) ಕೂಡಿಸಿ, / ಹಾಕಿ 2ರಿಂದ ಭಾಗಿಸುತ್ತಾರೆ. ಅವರದು ರನ್ ಆಗುತ್ತದೆ, ನನ್ನದು ಆಗುವುದಿಲ್ಲ. ಲಿಸ್ಟಿನ ಇಂಡೆಕ್ಸ್ ಫ್ಲೋಟ್ (ದಶಮಾಂಶ ಸಂಖ್ಯೆ) ಆಗಿರಬಾರದು ಅಂತ ಎರರ್. ಅದು ತೋರಿಸಿದ್ದು ಲಿಸ್ಟ್ ಇರುವ ಸಾಲನ್ನು. ನಾನು ಅದನ್ನೇ ತಿದ್ದುತ್ತಾ ಕೂತೆ. ಇಂಡೆಂಟೇಶನ್ ನೋಡಿದೆ, ಲೂಪ್ ಬದಲಾಯಿಸಿದೆ. ಮರುದಿನ ವಿಡಿಯೋ ನಿಲ್ಲಿಸಿ ನಿಲ್ಲಿಸಿ ಒಂದೊಂದೇ ಅಕ್ಷರ ಹೋಲಿಸಿದೆ. ಒಂದೂ ವ್ಯತ್ಯಾಸ ಇಲ್ಲ! ಇನ್ನು ಈ ಕೋರ್ಸ್ ನನ್ನಿಂದ ಆಗದು ಅನ್ನಿಸಿ ತುಂಬಾ ಬೇಜಾರಾಯಿತು.

ತಪ್ಪು ಇದ್ದದ್ದು ಮೇಲಿನ ಸಾಲಿನಲ್ಲಿ, ಭಾಗಾಕಾರದಲ್ಲಿ. ಪೈಥಾನ್ 2ರಲ್ಲಿ 7 / 2 ಅಂದರೆ 3. ಪೈಥಾನ್ 3ರಲ್ಲಿ 3.5. ಸರಿಯಾಗಿ ಭಾಗವಾಗುವ 8 / 2 ಕೂಡ 4.0 ಆಗಿ, ಫ್ಲೋಟ್ ಆಗಿಯೇ ಬರುತ್ತದೆ. ಪೂರ್ಣಾಂಕ ಬೇಕಾದರೆ // ಬರೆಯಬೇಕು. ಒಂದು ಗೆರೆ ಜಾಸ್ತಿ, ಅಷ್ಟೇ. ಟ್ಯುಟೋರಿಯಲ್‌ನ 3ನೇ ಅಧ್ಯಾಯದ ಶುರುವಿನಲ್ಲೇ ಇದು ಉದಾಹರಣೆ ಸಮೇತ ಇದೆ. ಯಾವ ಆವೃತ್ತಿಗೆ ಬರೆದದ್ದು ಅಂತ ಪುಟದ ಮೇಲೇ ಕಾಣುತ್ತದೆ.

ಟ್ಯುಟೋರಿಯಲ್‌ನಲ್ಲೂ ಕೊರತೆ ಇದೆ. ಅಭ್ಯಾಸದ ಲೆಕ್ಕಗಳಿಲ್ಲ. ಅದಕ್ಕೆ ಎಕ್ಸರ್ಸಿಸಂ ಅನ್ನುವ ಕೋಡಿಂಗ್ ಅಭ್ಯಾಸದ ವೆಬ್‌ಸೈಟ್ ಇಟ್ಟುಕೊಂಡಿದ್ದೇನೆ, ಅದೂ ಉಚಿತ. ಪ್ರತಿ ಲೆಕ್ಕದ ಜೊತೆ ಟೆಸ್ಟ್‌ಗಳು ಬರುವುದರಿಂದ ಎಲ್ಲಿ ಎಡವಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಕ್ಲಾಸ್‌ಗಳ (ಡೇಟಾ ಮತ್ತು ಅದರ ಮೇಲಿನ ಕೆಲಸಗಳನ್ನು ಒಟ್ಟಿಗೆ ಕಟ್ಟುವ ರೀತಿ) ಬಗ್ಗೆ ಇರುವ ಟ್ಯುಟೋರಿಯಲ್‌ನ 9ನೇ ಅಧ್ಯಾಯ ನೇಮ್‌ಸ್ಪೇಸ್, ಸ್ಕೋಪ್ ಅಂತ, ಅಂದರೆ ಯಾವ ಹೆಸರು ಕೋಡಿನ ಯಾವ ಭಾಗದಲ್ಲಿ ನಡೆಯುತ್ತದೆ ಅನ್ನುವುದರಿಂದ ಶುರುವಾಗುತ್ತದೆ. ಹೊಸಬರಿಗೆ ಕಷ್ಟವೇ. ನಾನೂ ಸದ್ಯಕ್ಕೆ ದಾಟಿಕೊಂಡು ಹೋಗಿದ್ದೇನೆ.

ನನಗೆ ದಿನಕ್ಕೆ ಸಿಗುವುದು ಬೆಳಗಿನ ಅರ್ಧ ಗಂಟೆ. ಟ್ಯುಟೋರಿಯಲ್‌ನಲ್ಲಿ ಗೊತ್ತಿರುವ ಪುಟದ ಮೇಲೆ ಕಣ್ಣಾಡಿಸಿ ಮುಂದೆ ಹೋಗಬಹುದು. ವಿಡಿಯೋದಲ್ಲಿ ಗೊತ್ತಿಲ್ಲದ್ದು ಎಲ್ಲಿ ಬರುತ್ತದೋ ಅಂತ ಕಾಯುತ್ತಾ ಕೂರಬೇಕು, ಅಲ್ವಾ? ಕೋರ್ಸಿನ ಫೀಸು ಕಟ್ಟಿದ ಮೇಲೆ ಇನ್ನಷ್ಟು ಖರ್ಚೂ ನನಗೆ ಬೇಡ. ಕೇಳಿಸಿಕೊಂಡರೇ ತಲೆಗೆ ಹೋಗುವುದು ಅನ್ನುವವರು ವಿಡಿಯೋನೇ ತೆಗೆದುಕೊಳ್ಳಿ. ಆದರೆ ಮೊದಲ ಪಾಠದಲ್ಲಿ ಪ್ರಿಂಟ್‌ಗೆ ಬ್ರ್ಯಾಕೆಟ್ ಹಾಕುತ್ತಾರಾ ನೋಡಿ, ಆಮೇಲೆ ದುಡ್ಡು ಕೊಡಿ.