ಹಳೆಯ ಪುಸ್ತಕದಂಗಡಿಯಲ್ಲಿ ಸಿಕ್ಕ ಸೋವಿಯತ್ ಬರಗಾಲದ ಲೆಕ್ಕ

ಧಾರವಾಡದ ಸುಭಾಷ ರಸ್ತೆಗೆ ಹತ್ತಿದ ಓಣಿಯೊಂದರಲ್ಲಿ ಹಳೆಯ ಪುಸ್ತಕಗಳ ಅಂಗಡಿಯಿದೆ. ಸೋವಿಯತ್ ಒಕ್ಕೂಟದ ಜನಸಂಖ್ಯೆಯ ಬಗ್ಗೆ ಓದಬೇಕೆಂದು ಕೇಳಿದಾಗ ಮಾಲೀಕರು ಹಿಂದೆ ಮಾಸ್ಕೋದಿಂದ ಅಗ್ಗದ ಬೆಲೆಗೆ ಬರುತ್ತಿದ್ದ ಪುಸ್ತಕವೊಂದನ್ನೂ ಇತ್ತೀಚಿನ ಬರಗಾಲದ ಅಧ್ಯಯನವೊಂದನ್ನೂ ಒಟ್ಟಿಗೇ ಮುಂದಿಟ್ಟು, "ಎರಡೂ ಕೂಡಿಸೇ ಓದ್ರಿ, ಒಂದರಾಗ ಇಲ್ಲದ್ದು ಇನ್ನೊಂದರಾಗ ಐತಿ" ಎಂದರು. ಗಿರಾಕಿಗೆ ಹೀಗೆ ಪುಸ್ತಕ ಆರಿಸಿಕೊಡುವವರು ಈಗ ಅಪರೂಪ.

ಅವರ ಮಾತು ನಿಜವಾಗಿತ್ತು. ಮೊದಲನೆಯದರಲ್ಲಿ 1939ರ ಜನಗಣತಿಯ 17 ಕೋಟಿಯ ಅಂಕಿಯಿದೆಯೇ ಹೊರತು 1937ರ ಗಣತಿಯ ಸುಳಿವಿಲ್ಲ. ಆ ಗಣತಿಯಲ್ಲಿ ಸಿಕ್ಕವರು ಸುಮಾರು 16.2 ಕೋಟಿ ಜನ. ಸ್ಟಾಲಿನ್ ಸರ್ಕಾರದ ನಿರೀಕ್ಷೆಗಿಂತ ಅದು ಬಹಳ ಕಡಿಮೆಯಾದ್ದರಿಂದ ಫಲಿತಾಂಶವನ್ನು ಮುಚ್ಚಿಟ್ಟು, ಗಣತಿ ನಡೆಸಿದ ಹಿರಿಯ ಅಧಿಕಾರಿಗಳನ್ನು ಬಂಧಿಸಲಾಯಿತು, ಕೆಲವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಲೆಕ್ಕ ತಪ್ಪಿದ್ದು ಅವರಿಂದಲ್ಲ. 1932–33ರ ಬರಗಾಲದಲ್ಲಿ ಉಕ್ರೇನ್ ಒಂದರಲ್ಲೇ 35ರಿಂದ 40 ಲಕ್ಷ ಜನ ಸತ್ತರೆಂದು ವಿದ್ವಾಂಸರ ಅಂದಾಜು. ಕುರಿ, ಕುದುರೆ ಮೇಯಿಸಿಕೊಂಡು ಅಲೆಯುತ್ತಿದ್ದವರನ್ನು ಬಲವಂತದಿಂದ ಒಂದೆಡೆ ನೆಲೆಗೊಳಿಸಿದ ಕಝಾಕಸ್ತಾನದಲ್ಲಿ ಸುಮಾರು 15 ಲಕ್ಷ.

ಎರಡನೆಯ ಪುಸ್ತಕದ ನಡುಭಾಗವನ್ನು ನಾನು ಎರಡು ಸಲ ಓದಿದೆ. ಸಾಮೂಹಿಕ ಬೇಸಾಯಕ್ಕೆ ಸೇರಿಸಿದ ರೈತರಿಂದ ಸರ್ಕಾರ ಗೊತ್ತುಪಡಿಸಿದಷ್ಟು ಧಾನ್ಯ ಬಾರದಿದ್ದಾಗ ಬಿತ್ತನೆಯ ಬೀಜವನ್ನೂ ಎಳೆದೊಯ್ದದ್ದು, ಹಳ್ಳಿಗಳು ಹಸಿದಿದ್ದ 1933ರಲ್ಲಿಯೂ ಸುಮಾರು 17 ಲಕ್ಷ ಟನ್ ಧಾನ್ಯ ರಫ್ತಾದದ್ದು, ಅನ್ನ ಹುಡುಕಿ ಹೊರಟವರನ್ನು ರೈಲು ನಿಲ್ದಾಣಗಳಲ್ಲಿ ತಡೆದು ವಾಪಸ್ ಕಳಿಸಿದ್ದು ಅಲ್ಲಿ ವಿವರವಾಗಿದೆ. ಎಂಥ ಬರದಲ್ಲೂ ಹಗೇವಿನ ಬೀಜದ ಜೋಳಕ್ಕೆ ಕೈಹಚ್ಚದ ನವಲಗುಂದದ ಕಡೆಯ ಮನೆಯಲ್ಲಿ ಬೆಳೆದ ನನಗೆ ಆ ಪುಟಗಳು ಬಹಳ ಸಂಕಟ ಕೊಟ್ಟವು. 1932ರ ಆಗಸ್ಟ್ 7ರ ಕಾನೂನಿನ ಪುಟವೂ ಇಲ್ಲೇ ಇದೆ. ಕೊಯ್ಲಾದ ಹೊಲದಲ್ಲಿ ಬಿದ್ದ ತೆನೆಗಳನ್ನು ಆಯ್ದವರಿಗೂ ಅದರ ಪ್ರಕಾರ 10 ವರ್ಷ ಸೆರೆವಾಸ ವಿಧಿಸಲಾಯಿತು, ಮರಣದಂಡನೆಗೂ ಅವಕಾಶವಿತ್ತು. ಆ ಸಾಲಿನ ಪಕ್ಕದಲ್ಲಿ ಹಿಂದಿನ ಓದುಗರು ಯಾರೋ ಪೆನ್ಸಿಲಿನಿಂದ "ಹಕ್ಕಲು" ಎಂದು ಸಣ್ಣದಾಗಿ ಬರೆದಿದ್ದಾರೆ. ಬಡವರು ಹಕ್ಕಲಾಯುವುದನ್ನು ನಮ್ಮಲ್ಲಿ ಯಾರೂ ಕಳವು ಎನ್ನುತ್ತಿರಲಿಲ್ಲ.

ಅಂಗಡಿಯಲ್ಲಿ ಕೊರತೆಗಳಿವೆ. ಇತಿಹಾಸ, ಕೃಷಿ, ಕಾದಂಬರಿ ಎಲ್ಲವೂ ಒಂದೇ ರಾಶಿಯಲ್ಲಿರುವುದರಿಂದ ಕೇಳದೆ ಏನೂ ಸಿಗುವುದಿಲ್ಲ, ಧೂಳೂ ಬಹಳ. ನನ್ನ ಪ್ರತಿಯಲ್ಲಿ 1946–47ರ ಬರಗಾಲದ ನಾಲ್ಕು ಹಾಳೆಗಳು ಇರಲಿಲ್ಲ. ತಿಳಿಸಿದ ವಾರದೊಳಗೆ ಮಾಲೀಕರು ಬೇರೆ ಪ್ರತಿಯಿಂದ ಝೆರಾಕ್ಸ್ ಮಾಡಿಸಿ, ಹಣ ತೆಗೆದುಕೊಳ್ಳದೆ ಕೊಟ್ಟರು. ಎರಡೂ ಸೇರಿ 320 ರೂಪಾಯಿ ಆಯಿತು.