ಲೈಬ್ರರಿ ಸಭೆಗೆ ಯಾವುದು, ಸಾರ್ವಜನಿಕ ಕಾರ್ಯಕ್ರಮಕ್ಕೆ ಯಾವುದು? ಮೀಟ್, ಝೂಮ್, ಜಿಟ್ಸಿ, ಯೂಟ್ಯೂಬ್ ಬಳಸಿ ನೋಡಿದ ಮೇಲೆ

"ಆನ್‌ಲೈನ್ ಕಾರ್ಯಕ್ರಮಕ್ಕೆ ಯಾವ ಆ್ಯಪ್ ಒಳ್ಳೇದು?" ಅಂತ ಅಕ್ಕಪಕ್ಕದ ಪಂಚಾಯಿತಿಗಳ ಲೈಬ್ರರಿಯವರು ಆಗಾಗ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: ಬಂದವರು ಮಾತಾಡಬೇಕಾ, ಕೇಳಿಸಿಕೊಂಡರೆ ಸಾಕಾ? ಈ ವರ್ಷ ಯಾವ ಪುಸ್ತಕ ತರಿಸೋಣ ಅಂತ ಹತ್ತು ಜನ ಕೂತು ತೀರ್ಮಾನ ಮಾಡುವುದೇ ಬೇರೆ, ಊರು ಪರವೂರಿನವರೆಲ್ಲ ಕೂತು ಗಮಕ ಕೇಳುವುದೇ ಬೇರೆ. ಎರಡಕ್ಕೂ ಒಂದೇ ಆ್ಯಪ್ ಹುಡುಕಿದರೆ ಎರಡೂ ಅರ್ಧಂಬರ್ಧ ಆಗುತ್ತವೆ.

ನಾನು ಮಲೆನಾಡಿನ ಒಂದು ಗ್ರಾಮ ಪಂಚಾಯಿತಿ ಲೈಬ್ರರಿಯ ಓದುಗರ ಬಳಗದಲ್ಲಿದ್ದೇನೆ. 2019ರಲ್ಲಿ ರಾಜ್ಯದ ಗ್ರಾಮ ಪಂಚಾಯಿತಿ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವಲ್ಲ, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಅಂಥದ್ದೇ ಒಂದು. ಕೋವಿಡ್ ಬಂದಾಗ ಬೇರೆ ದಾರಿ ಇಲ್ಲದೆ ಆನ್‌ಲೈನ್ ಶುರು ಮಾಡಿದೆವು, ಆಮೇಲೂ ಬಿಡಲಿಲ್ಲ. ಜುಲೈ ಮಳೆಯಲ್ಲಿ ಸಂಜೆ ಆರರ ಸಭೆಗೆ ಯಾರು ಬರುತ್ತಾರೆ ಹೇಳಿ? ಅದೂ ಅಲ್ಲದೆ ಊರು ಬಿಟ್ಟು ಬೆಂಗಳೂರು, ದುಬೈ, ನ್ಯೂಜೆರ್ಸಿ ಸೇರಿದವರೂ ನಮ್ಮ ಓದುಗರೇ.

ಮೊದಲು ಎಲ್ಲರ ಕೈಯಲ್ಲೂ ಇರುವ ವಾಟ್ಸ್ಆ್ಯಪ್. ಗ್ರೂಪ್ ವಿಡಿಯೊ ಕಾಲ್‌ಗೆ 32 ಜನರ ಮಿತಿ, ಏಳೆಂಟು ಜನರ ಸಮಿತಿಗೆ ಧಾರಾಳ. ಯಾರಿಗೂ ಹೇಳಿಕೊಡುವ ಕೆಲಸ ಇಲ್ಲ. ಆದರೆ ಕಾಲ್‌ಗೆ ಬಂದವರಿಗೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಸಿಗುತ್ತದೆ. ಗುರುತಿನವರೇ ಆದರೆ ಪರವಾಗಿಲ್ಲ. ಗೊತ್ತಿಲ್ಲದವರೂ ಬರುವ ಕಾರ್ಯಕ್ರಮಕ್ಕೆ ನಾನಂತೂ ಬೇಡ ಅನ್ನುತ್ತೇನೆ.

ಇನ್ನು ಗೂಗಲ್ ಮೀಟ್ ಮತ್ತು ಝೂಮ್. ದುಡ್ಡು ಕೊಡದಿದ್ದರೂ ಎರಡರಲ್ಲೂ 100 ಜನ ಸೇರಬಹುದು. ವ್ಯತ್ಯಾಸ ಇರುವುದು ಸಮಯದಲ್ಲಿ: ಝೂಮ್ 40 ನಿಮಿಷ, ಮೀಟ್ 60. ಕೇಳಲು ಸಣ್ಣ ಅಂತರ. ನಮ್ಮ ಸಭೆ ಹೇಗಿರುತ್ತದೆ ಅಂದರೆ ಸ್ವಾಗತ, "ನನ್ನ ಧ್ವನಿ ಕೇಳ್ತಾ ಇದೆಯಾ?", ನಿಮ್ಮ ಕಡೆ ಮಳೆ ಹೇಗೆ, ಕರೆಂಟ್ ಇದೆಯಾ... ಇಷ್ಟರಲ್ಲೇ ಕಾಲು ಗಂಟೆ ಕಳೆಯುತ್ತದೆ. ಪತ್ರಿಕೆ ಚಂದಾದ ವಿಷಯಕ್ಕೆ ಬರುವ ಹೊತ್ತಿಗೆ ಝೂಮ್‌ನಲ್ಲಿ ಸಮಯ ಮುಗಿಯುತ್ತಾ ಬಂದಿರುತ್ತದೆ. ಅದೇ ಲಿಂಕ್ ಒತ್ತಿ ಮತ್ತೆ ಬನ್ನಿ ಅನ್ನಬಹುದು, ಸರಿ. ಆದರೆ ಮತ್ತೆ ಒಳಗೆ ಬರುವಷ್ಟು ತಾಳ್ಮೆ ನಮ್ಮ ಹಿರಿಯರಿಗಿಲ್ಲ. "ಆಯ್ತಲ್ಲ, ಇನ್ನೇನು" ಅಂತ ಫೋನ್ ಇಟ್ಟುಬಿಡುತ್ತಾರೆ.

ಅದಕ್ಕೇ ಸಮಿತಿ ಸಭೆಗೆ ನನ್ನ ಆಯ್ಕೆ ಮೀಟ್. ಆಂಡ್ರಾಯ್ಡ್ ಫೋನ್ ಇದ್ದವರಿಗೆ ಗೂಗಲ್ ಅಕೌಂಟ್ ಹೇಗೂ ಇರುತ್ತದೆ. ಬೇಕಾದ ಪುಸ್ತಕಗಳ ಪಟ್ಟಿಯನ್ನು ಗೂಗಲ್ ಶೀಟ್‌ನಲ್ಲಿ ತೆರೆದು ಸ್ಕ್ರೀನ್ ಶೇರ್ ಮಾಡುತ್ತೇವೆ. ಮೇಲ್ವಿಚಾರಕಿ ಮೇಡಂ ಎಲ್ಲರೂ ನೋಡುತ್ತಿದ್ದಂತೆಯೇ ಒಂದೊಂದು ಸಾಲಿನ ಮುಂದೆ "ಒಪ್ಪಿಗೆ", "ಮುಂದಿನ ವರ್ಷ" ಅಂತ ಟೈಪ್ ಮಾಡುತ್ತಾ ಹೋಗುತ್ತಾರೆ. ಸಭೆ ಮುಗಿಯುವಷ್ಟರಲ್ಲಿ ನಡಾವಳಿಯ ಕರಡೂ ತಯಾರು. ಉಚಿತ ಮೀಟ್‌ನಲ್ಲಿ ರೆಕಾರ್ಡಿಂಗ್ ಇಲ್ಲ. ಸಮಿತಿ ಸಭೆಗೆ ಅದು ಇಲ್ಲದಿರುವುದೇ ವಾಸಿ, ಜನ ಬಾಯಿ ಬಿಟ್ಟು ಮಾತಾಡುತ್ತಾರೆ.

ಸಾರ್ವಜನಿಕ ಕಾರ್ಯಕ್ರಮಕ್ಕೆ ಬಂದರೆ ತಕ್ಕಡಿ ಝೂಮ್ ಕಡೆ ವಾಲುತ್ತದೆ. ಉಚಿತದಲ್ಲೂ ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಳ್ಳಬಹುದು, ಚಾಟ್ ಸೇವ್ ಮಾಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ ಬಾಗಿಲು ಕಾಯಲು ಅನುಕೂಲ ಇದೆ. ಲಿಂಕನ್ನು ಹತ್ತು ಗ್ರೂಪ್‌ಗಳಿಗೆ ಹಾಕಿದ ಮೇಲೆ ಅದು ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು. 2020ರಲ್ಲಿ ಯಾರ್ಯಾರೋ ಮೀಟಿಂಗ್‌ಗೆ ನುಗ್ಗಿ ಕೆಟ್ಟ ವಿಡಿಯೊ ಹಾಕುವ ಹಾವಳಿ ಜಗತ್ತಿನ ಎಲ್ಲ ಕಡೆ ಆಯಿತು. ಆಗ, ಏಪ್ರಿಲ್‌ನಲ್ಲಿ, ಝೂಮ್‌ನವರು ವೇಟಿಂಗ್ ರೂಮ್ (ನಾವು ಒಳಗೆ ಬಿಡುವವರೆಗೆ ಬಂದವರು ಕಾಯುವ ಜಾಗ) ಮತ್ತು ಪಾಸ್‌ವರ್ಡ್ ಎರಡನ್ನೂ ಮೊದಲಿನಿಂದಲೇ ಆನ್ ಇರುವಂತೆ ಮಾಡಿದರು. ಒಳ್ಳೆಯದೇ. ಆದರೆ ವೇಟಿಂಗ್ ರೂಮ್‌ನಲ್ಲಿ ಕಾಣುವ ಹೆಸರುಗಳು ಹೇಗಿರುತ್ತವೆ ಗೊತ್ತಾ? "ರೆಡ್ಮಿ ನೋಟ್ 9", "ಗ್ಯಾಲಕ್ಸಿ ಎ12", ಬರೀ "ಐಫೋನ್". ಅವರಲ್ಲಿ ರಿಟೈರ್ಡ್ ಟೀಚರ್ ಯಾರು, ತಲೆಹರಟೆ ಯಾರು? ಹಾಗಾಗಿ ನಾವು ಎಲ್ಲರನ್ನೂ ಬಿಟ್ಟುಕೊಳ್ಳುತ್ತೇವೆ. ಒಳಗೆ ಬಂದವರು ತಾವಾಗಿ ಮೈಕ್ ಹಾಕಿಕೊಳ್ಳುವಂತಿಲ್ಲ, ಸ್ಕ್ರೀನ್ ಶೇರ್ ಮಾಡುವಂತಿಲ್ಲ. ಪ್ರಶ್ನೆ ಇದ್ದವರು ಕೈ ಎತ್ತಬೇಕು. ಭಾಷಣ ಮಾಡುವವರು ಒಬ್ಬರು, ಇದನ್ನು ನೋಡಿಕೊಳ್ಳುವವರು ಇನ್ನೊಬ್ಬರು ಇರಲೇಬೇಕು.

ಜಿಟ್ಸಿ ಅನ್ನುವ ಉಚಿತ ವಿಡಿಯೊ ಸಭೆ ತಂತ್ರಾಂಶದ ಬಗ್ಗೆ ನನಗೆ ಸ್ವಲ್ಪ ಮೋಹ ಇದೆ, ಮೊದಲೇ ಹೇಳಿಬಿಡುತ್ತೇನೆ. ಲೈಬ್ರರಿಗೆ ಬಂದು ಪೇಪರ್ ಓದುವವರ ಹತ್ತಿರ ನಾವು ಆಧಾರ್ ಕಾರ್ಡ್ ಕೇಳುವುದಿಲ್ಲ, ಅಲ್ವಾ? ಜಿಟ್ಸಿಯೂ ಹಾಗೇ. ಅತಿಥಿಗೆ ಅಕೌಂಟ್ ಬೇಡ, ಬ್ರೌಸರ್‌ನಲ್ಲಿ ಲಿಂಕ್ ತೆರೆದು ಒಂದು ಹೆಸರು ಬರೆದರೆ ಸಾಕು. 2023ರ ಆಗಸ್ಟ್‌ನಿಂದ ಅವರ ಸಾರ್ವಜನಿಕ ಸರ್ವರ್‌ನಲ್ಲಿ ಸಭೆ ಶುರು ಮಾಡುವವರು ಲಾಗಿನ್ ಆಗಬೇಕು, ಬರುವವರಿಗೆ ಆ ಕಟ್ಟಳೆ ಇಲ್ಲ. ಮುಕ್ತ ತಂತ್ರಾಂಶವಾದ್ದರಿಂದ ಗೊತ್ತಿದ್ದವರು ತಮ್ಮದೇ ಸರ್ವರ್‌ನಲ್ಲೂ ಹಾಕಿಕೊಳ್ಳಬಹುದು. ನಮ್ಮ ತೊಂದರೆ ನಮ್ಮ ಹಳೇ ಕಂಪ್ಯೂಟರ್. ಬ್ರೌಸರ್‌ನಲ್ಲಿ ಇಪ್ಪತ್ತು ಮುಖ ಒಟ್ಟಿಗೆ ಬಂದರೆ ಅದರ ಫ್ಯಾನು ಕೂಗಲು ಶುರುಮಾಡುತ್ತದೆ. ವಿಡಿಯೊ ಆಫ್ ಮಾಡಿಸಿದರೆ ಮತ್ತೆ ಸರಿ. ಹಾಗಾಗಿ ಹತ್ತು ಹನ್ನೆರಡು ಜನರ ಪುಸ್ತಕ ಚರ್ಚೆಗೆ ಜಿಟ್ಸಿ ಇಟ್ಟುಕೊಂಡಿದ್ದೇವೆ. ಅಲ್ಲಿ ಗಡಿಯಾರ ನೋಡುವ ಗೋಜಿಲ್ಲ, ಚರ್ಚೆ ಎರಡು ಗಂಟೆ ಎಳೆದರೂ ಯಾರೂ ಹೊರಗೆ ಹಾಕುವುದಿಲ್ಲ.

ಯಾವ ಆ್ಯಪ್ ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ ಜಾಸ್ತಿ ಧ್ವನಿಯ ಕಡೆ ಗಮನ ಕೊಡಿ ಅನ್ನುತ್ತೇನೆ. ಗಮಕ ವಾಚನದ ದಿನ ಇದು ಚೆನ್ನಾಗಿ ಗೊತ್ತಾಗುತ್ತದೆ. ಝೂಮ್, ಮೀಟ್‌ನಂಥವು ಫ್ಯಾನಿನ ಸದ್ದು, ನಾಯಿ ಬೊಗಳಿದ್ದು ಎಲ್ಲ ಅಳಿಸಿ ಮಾತನ್ನಷ್ಟೇ ಕಳಿಸಲು ನೋಡುತ್ತವೆ. ಅವುಗಳ ಲೆಕ್ಕದಲ್ಲಿ ಶ್ರುತಿಪೆಟ್ಟಿಗೆಯ ಒಂದೇ ಸಮನಾದ ನಾದವೂ ಫ್ಯಾನಿನ ಸದ್ದೇ. ಗಮಕಿಗಳು ಷಟ್ಪದಿಯ ಕೊನೆಯಲ್ಲಿ ಸ್ವರ ಎಳೆದು ನಿಲ್ಲಿಸುತ್ತಾರೆ. ಇಲ್ಲಿ ಹಾಲ್‌ನಲ್ಲಿ ಕೂತವರು ತಲೆದೂಗುತ್ತಿದ್ದರೆ, ಅಲ್ಲಿ ದುಬೈಯಲ್ಲಿ ಕೂತವರಿಗೆ ಶ್ರುತಿ ಮಾಯ, ಸ್ವರ ಮಧ್ಯೆ ಮಧ್ಯೆ ಕತ್ತರಿಸಿದ ಹಾಗೆ. ಝೂಮ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ಸಂಗೀತಗಾರರಿಗೆ ಅಂತಲೇ "ಒರಿಜಿನಲ್ ಸೌಂಡ್" ಇದೆ, ಅದನ್ನು ಆನ್ ಮಾಡಿದರೆ ಶ್ರುತಿ ಉಳಿಯುತ್ತದೆ. ಆಗ ಮಳೆಯ ಸದ್ದೂ ಒಳಗೆ ಬರುತ್ತದೆ, ಬರಲಿ ಬಿಡಿ. ಅಂದಹಾಗೆ ಗಾಯನ, ವಾಚನಕ್ಕೆ ಕಾಲರ್ ಮೈಕ್‌ಗಿಂತ ಎದುರಿಗೆ ಇಡುವ ಮೈಕೇ ಒಳ್ಳೆಯದು. ಸೀರೆ ಸೆರಗು ಉಜ್ಜಿದ ಸದ್ದು ಬರುವುದಿಲ್ಲ.

ಇನ್ನೊಂದು ಪಿಡುಗು: ಹಾಲ್‌ಗೆ ಬಂದು ಕೂತವರೇ ತಮ್ಮ ಫೋನ್‌ನಲ್ಲಿ ಲಿಂಕ್ ತೆಗೆಯುವುದು. ಸ್ಪೀಕರ್‌ನಿಂದ ಅವರ ಮೈಕ್‌ಗೆ, ಅಲ್ಲಿಂದ ಮತ್ತೆ ಸ್ಪೀಕರ್‌ಗೆ ಧ್ವನಿ ಸುತ್ತಿ "ಕುಂಯ್ಯ್" ಅಂತ ಕಿವಿ ಕಿತ್ತುಹೋಗುತ್ತದೆ. ಯಾವ ಆ್ಯಪ್ ಆದರೂ ಅಷ್ಟೇ. ಕಾರ್ಯಕ್ರಮದ ಮೊದಲೇ ಒಬ್ಬರು ಎದ್ದು ಹೇಳಬೇಕು.

ಈಗ ಯೂಟ್ಯೂಬ್ ಲೈವ್. ಸುಮ್ನೆ ಕೇಳಲು ಬರುವವರಿಗೆ ಇದನ್ನು ಮೀರಿಸಿದ್ದು ಇಲ್ಲ. ಜನರ ಮಿತಿ ಇಲ್ಲ, ಲಾಗಿನ್ ಬೇಡ, ನೆಟ್‌ವರ್ಕ್ ಕಡಿಮೆ ಇದ್ದರೆ ಚಿತ್ರದ ಗುಣಮಟ್ಟವನ್ನು 144ಪಿಗೆ ಇಳಿಸಿಕೊಂಡು ಕೇಳಬಹುದು. ನಮ್ಮ ಕಡೆ ಅದೇ ದೊಡ್ಡ ಉಪಕಾರ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಹಾಕಿಸಿಕೊಂಡವರು ಝೂಮ್‌ನಲ್ಲಿ ವಿಡಿಯೊ ಹಾಕಿ ಕೂತರೆ ಸಂಜೆಗೆ ಡೇಟಾ ಖಾಲಿ. ಭಾನುವಾರ ಸಂಜೆ ಆರಕ್ಕೆ ಇಟ್ಟರೆ ದುಬೈಯಲ್ಲಿ ನಾಲ್ಕೂವರೆ. ನ್ಯೂಜೆರ್ಸಿಯಲ್ಲಿ ಬೆಳಗ್ಗೆ ಎಂಟೂವರೆ, ಚಳಿಗಾಲದಲ್ಲಿ ಏಳೂವರೆ. ಆಗ ಏಳದವರು ಆಮೇಲೆ ನೋಡಿಕೊಳ್ಳುತ್ತಾರೆ.

ಶುರು ಮಾಡುವ ಮುಂಚೆ ಗೊತ್ತಿರಬೇಕಾದ್ದು: ಹೊಸ ಚಾನೆಲ್‌ನಲ್ಲಿ ಲೈವ್ ಸೌಲಭ್ಯ ಸಿಗಲು 24 ಗಂಟೆವರೆಗೂ ಕಾಯಬೇಕಾಗಬಹುದು. ಫೋನ್‌ನಿಂದಲೇ ಲೈವ್ ಮಾಡಲು 50 ಸಬ್‌ಸ್ಕ್ರೈಬರ್ ಬೇಕು, ಕಂಪ್ಯೂಟರ್‌ನಿಂದಾದರೆ ಬೇಡ. ಕಾರ್ಯಕ್ರಮದ ಹಿಂದಿನ ರಾತ್ರಿ ಚಾನೆಲ್ ತೆರೆಯಲು ಹೊರಡಬೇಡಿ. ಫೇಸ್‌ಬುಕ್ ಲೈವ್ ಕೂಡ ಇದೆಯಲ್ಲ ಅನ್ನಬಹುದು. 2025ರಿಂದ ಅಲ್ಲಿ ಲೈವ್ ವಿಡಿಯೊ 30 ದಿನ ಮಾತ್ರ ಉಳಿಯುತ್ತದೆ. ಕಾಪಿಡುವುದೇ ಕೆಲಸವಾಗಿರುವ ಲೈಬ್ರರಿಗೆ ಅದು ಒಗ್ಗುವುದಿಲ್ಲ.

ಯೂಟ್ಯೂಬ್‌ನ ಕೊರತೆ ಅಂದರೆ ಎದುರು ಮಾತು. ನಾವು ಇಲ್ಲಿ ಹೇಳಿದ್ದು ಅಲ್ಲಿ ತಲುಪುವುದು ಎಷ್ಟೋ ಸೆಕೆಂಡ್ ತಡವಾಗಿ. ಕವಿಗಳು "ಪ್ರಶ್ನೆ ಏನಾದರೂ ಇದೆಯಾ?" ಅಂತ ಕೇಳಿ ಕಾಯುತ್ತಾರೆ. ಚಾಟ್ ಖಾಲಿ. "ಇಲ್ಲ ಅನ್ಸುತ್ತೆ" ಅಂತ ವಂದನಾರ್ಪಣೆ ಶುರು ಮಾಡಿದ ಮೇಲೆ ಒಂದರ ಹಿಂದೆ ಒಂದು ಪ್ರಶ್ನೆ ಬರುತ್ತವೆ. ಅದಕ್ಕೆ ಪ್ರಶ್ನೆಗೆ ಮುಂಚೆ ನಿರೂಪಕರು ಎರಡು ಮಾತಾಡಿ ಹೊತ್ತು ಕಳೆಯಬೇಕು. ನಮ್ಮ ನಿರೂಪಕರಿಗೆ ಅದೇನೂ ಕಷ್ಟದ ಕೆಲಸ ಅಲ್ಲ ಬಿಡಿ.

ಮಕ್ಕಳ ಕಥೆ ಹೇಳುವ ಕಾರ್ಯಕ್ರಮ ಮಾತ್ರ ಯೂಟ್ಯೂಬ್‌ಗೆ ಬೇಡವೇ ಬೇಡ. "ಮಕ್ಕಳಿಗಾಗಿ" ಅಂತ ಗುರುತು ಹಾಕಿದರೆ ಲೈವ್ ಚಾಟ್, ಕಾಮೆಂಟ್ ಎರಡೂ ಬಂದ್ ಆಗುತ್ತವೆ. "ಆಮೇಲೆ ನರಿ ಏನ್ ಮಾಡ್ತು?" ಅಂತ ಕೇಳಿದರೆ ಉತ್ತರ ಹೇಳುವವರೇ ಇಲ್ಲ. ಮಕ್ಕಳ ಮುಖ ಸಾರ್ವಜನಿಕವಾಗಿ ಹೋಗುವುದೂ ನನಗೆ ಇಷ್ಟ ಇಲ್ಲ. ಅದಕ್ಕೆ ಪಾಸ್‌ವರ್ಡ್ ಹಾಕಿದ ಜಿಟ್ಸಿ, ಲಿಂಕ್ ಅಪ್ಪ ಅಮ್ಮಂದಿರಿಗೆ ಮಾತ್ರ, ರೆಕಾರ್ಡಿಂಗ್ ಇಲ್ಲ.

ದೊಡ್ಡ ಕಾರ್ಯಕ್ರಮಕ್ಕೆ ನಾವು ಎರಡನ್ನೂ ಜೋಡಿಸುತ್ತೇವೆ: ಮಾತಾಡುವವರು, ಪ್ರಶ್ನೆ ಕೇಳುವವರು ಝೂಮ್‌ನಲ್ಲಿ, ಉಳಿದವರು ಯೂಟ್ಯೂಬ್‌ನಲ್ಲಿ. ಝೂಮ್‌ನಿಂದ ನೇರವಾಗಿ ಯೂಟ್ಯೂಬ್‌ಗೆ ಕಳಿಸಲು ದುಡ್ಡಿನ ಪ್ಲಾನ್ ಬೇಕು. ದುಡ್ಡು ಬೇಡ ಅಂದರೆ ಓಬಿಎಸ್ ಅನ್ನುವ ಉಚಿತ ತಂತ್ರಾಂಶದಲ್ಲಿ ಝೂಮ್ ಪರದೆ ಹಿಡಿದು ಕಳಿಸಬಹುದು, ಕಂಪ್ಯೂಟರ್ ಗಟ್ಟಿ ಇರಬೇಕು ಅಷ್ಟೆ. ಆದರೂ 40 ನಿಮಿಷದ ಮಿತಿ ತಪ್ಪುವುದಿಲ್ಲ. ಹಾಗಾಗಿ ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ಇರುತ್ತದಲ್ಲ, ಆ ಒಂದು ತಿಂಗಳಿಗೆ ಮಾತ್ರ ಬಳಗದವರೇ ಚಂದಾ ಎತ್ತಿ ಝೂಮ್ ಪ್ರೊ ಅನ್ನುವ ದುಡ್ಡಿನ ಪ್ಲಾನ್ ತೆಗೆದುಕೊಳ್ಳುತ್ತೇವೆ. ತಿಂಗಳು ಮುಗಿಯುವ ಮುಂಚೆ ಆಟೊ ರಿನ್ಯೂವಲ್ ರದ್ದು ಮಾಡುವ ಜವಾಬ್ದಾರಿ ಖಜಾಂಚಿಯವರದು.